ನೀರು ನೋಡುವ ಮನೆ

ಕೋಲಾರ ಸೀಮೆಯಲ್ಲಿ ರೇವು, ಹರಿಗೋಲು ಅಂತ ಮಾತೆತ್ತಿದರೆ ಜನ ನಕ್ಕುಬಿಡುತ್ತಾರೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿಗೆ ಬಂದರು ಎಲ್ಲಿಂದ ಬಂತು ಸ್ವಾಮಿ ಎಂದು ಕೇಳುತ್ತಾರೆ. ಕೇಳಲಿ. ಮುಳಬಾಗಿಲಿನಿಂದ ಬೈರಕೂರಿನ ಕಡೆ ಹೋಗುವಾಗ ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ ಇಳಿದರೆ ರೇವುಪೇಟೆ ಸಿಗುತ್ತದೆ. ಬೀದಿಯ ಕೊನೆಯಲ್ಲಿ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ, ಹರಿಗೋಲಿನ ಹಗ್ಗ ಬಿಗಿಯುತ್ತಿದ್ದ ಗೂಟಗಲ್ಲಿದೆ. ಹಿಂದೆ ಮಳೆಗಾಲದಲ್ಲಿ ಹೊಳೆಯೂ ಅದರಾಚೆಯ ಕೆರೆಯೂ ಒಂದಾದಾಗ ಆಂಧ್ರದ ಕಡೆಯ ಹುಣಸೆಹಣ್ಣು, ಮೆಣಸಿನಕಾಯಿ, ಬೆಲ್ಲದ ಮೂಟೆಗಳೆಲ್ಲ ಈ ಮೆಟ್ಟಿಲಿಗೇ ಬಂದು ಇಳಿಯುತ್ತಿದ್ದವಂತೆ. ವರ್ಷದಲ್ಲಿ ಎರಡು ಮೂರು ತಿಂಗಳು ಬಂದರು, ಉಳಿದ ಕಾಲ ದನ ಮೇಯುವ ಬಯಲು. ಈಗ ಅಲ್ಲಿ ದನವೂ ಮೇಯುವುದಿಲ್ಲ.

ಮೆಟ್ಟಿಲಿಗೆ ತೀರಾ ಹತ್ತಿರದ ಮನೆ ಆದಿಲಕ್ಷ್ಮಿಯದು. ಗಂಡ ಸುಬ್ಬರಾಯಪ್ಪನ ಹಿರಿಯರು ಆ ರೇವಿನಲ್ಲಿ ಹರಿಗೋಲು ಹಾಕುತ್ತಿದ್ದ ಬೆಸ್ತರು. ಸುಬ್ಬರಾಯಪ್ಪನ ಕಾಲಕ್ಕೆ ಹರಿಗೋಲೂ ಇರಲಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇರಲಿಲ್ಲ. ಅವನು ಬಸ್ ಕಂಡಕ್ಟರ್ ಆಗಿ ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಜನರನ್ನು ದಾಟಿಸಿ ರಿಟೈರ್ ಆದ. ಡ್ಯೂಟಿ ಮುಗಿಸಿ ಬಂದ ಒಂದು ದಿನವೂ ಅವನು ಮುಂಬಾಗಿಲಿನಿಂದ ಒಳಗೆ ಬಂದವನಲ್ಲ. ಹಿತ್ತಲಿನಿಂದ ಬಂದು, ಖಾಕಿ ಬಟ್ಟೆ ಬಿಚ್ಚಿ ಬಕೆಟ್ಟಿಗೆ ಹಾಕಿ, ತಲೆಗೆ ನೀರು ಸುರಿದುಕೊಂಡ ಮೇಲೇ ಅಡುಗೆಮನೆ ಹೊಸ್ತಿಲು ದಾಟಬೇಕು. ಊರಿನವರ ಬೆವರನ್ನೆಲ್ಲ ನನ್ನ ಒಲೆ ಮುಂದೆ ತರಬೇಡಿ ಎಂದು ಆದಿಲಕ್ಷ್ಮಿ ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದಳು.

ಅವಳ ಸ್ವಭಾವವೇ ಹಾಗೆ. ಹೋಟೆಲಿನ ಲೋಟ ಕಂಡರೆ ಹೇಸಿಗೆ, ಬಸ್ಸಿನ ಕಂಬಿ ಹಿಡಿದರೆ ಹೇಸಿಗೆ, ಯಾರಾದರೂ ಉಗುಳು ಹಚ್ಚಿ ಪುಟ ತಿರುಗಿಸಿದರೆ ಊಟ ಸೇರುತ್ತಿರಲಿಲ್ಲ. ಸೊಪ್ಪನ್ನು ಎಷ್ಟು ತೊಳೆಯುತ್ತಿದ್ದಳೆಂದರೆ ಕೊನೆಗೆ ಬರೀ ದಂಟು ಉಳಿಯುತ್ತಿತ್ತು. ಬೀದಿಯವರು ಬೆನ್ನ ಹಿಂದೆ ಅವಳನ್ನು ಥೂ ಅಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಅನ್ನಲಿ, ನಾನೇನು ಅವರ ಮನೆಯಲ್ಲಿ ಕಾಫಿ ಕುಡಿಯೋಕೆ ಹೋಗ್ತೀನಾ ಎನ್ನುತ್ತಿದ್ದಳು.

ಇಂಥವಳ ಅಡುಗೆಮನೆ ಕಿಟಕಿಯ ಎದುರಿಗೇ ಆ ಪೈಪು ಬಂತು.

ಮೇಲಿನ ಗುಡ್ಡೆಯಲ್ಲಿ ಉಮಾಶಂಕರ್ ಎಂಬವನು ಬಡಾವಣೆ ಮಾಡಿ ಮನೆಗಳನ್ನು ಎಬ್ಬಿಸಿದ. ಮಳೆ ನೀರು ಹೋಗಲಿ ಅಂತ ಒಂದು ದಪ್ಪ ಸಿಮೆಂಟ್ ಪೈಪು ಹೂಳಿಸಿ ಅದರ ಬಾಯನ್ನು ರೇವಿನ ಮೆಟ್ಟಿಲಿನ ಪಕ್ಕಕ್ಕೆ ತಂದು ಬಿಟ್ಟ. ಮಳೆ ನೀರು ಬಂದದ್ದು ಒಂದೇ ವರ್ಷ. ಆಮೇಲೆ ಗುಡ್ಡೆಯ ಮೇಲಿನವರು ಒಬ್ಬೊಬ್ಬರಾಗಿ ತಮ್ಮ ಕಕ್ಕಸಿನ ಪೈಪನ್ನು ಅದಕ್ಕೆ ಸೇರಿಸಿದರು. ಅವರನ್ನು ನೋಡಿ ಕೆಳಗಿನ ಬೀದಿಯವರೂ ಸೇರಿಸಿದರು. ತಮ್ಮ ಮನೆಯ ಗುಂಡಿ ತುಂಬಿ ಉಕ್ಕಿದ ವರ್ಷ ಸುಬ್ಬರಾಯಪ್ಪನೂ ಮೇಸ್ತ್ರಿಯನ್ನು ಕರೆಸಿ ಸದ್ದಿಲ್ಲದೆ ಅದೇ ಕೆಲಸ ಮಾಡಿಸಿದ. ಆದಿಲಕ್ಷ್ಮಿ ಅಂದು ದೇವರಮನೆಯಲ್ಲಿ ಕೂತು ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಕೇಳಲಿಲ್ಲ.

ಈಗ ರೇವುಪೇಟೆ ಬಹಳ ಪ್ರಶಾಂತವಾದ ಜಾಗ. ಉಮಾಶಂಕರನ ಬೋರ್ಡಿನಲ್ಲೂ ಹಾಗೇ ಬರೆದಿದೆ: ‘ಪುರಾತನ ರೇವಿನ ತಟದಲ್ಲಿ ಪ್ರಶಾಂತ ಬದುಕು’. ಸುಳ್ಳೇನಲ್ಲ. ವಾಸನೆಗೆ ಹೆದರಿ ಎಲ್ಲರ ಕಿಟಕಿಯೂ ಮುಚ್ಚಿರುತ್ತದೆ, ಸಂಜೆ ಜಗಲಿ ಮೇಲೆ ಒಬ್ಬರೂ ಕೂರುವುದಿಲ್ಲ, ಬೀದಿಯಲ್ಲಿ ನಿಂತು ಹರಟೆ ಹೊಡೆಯುವವರಿಲ್ಲ. ಬಂದವರು ಆಹಾ ಎಷ್ಟು ನಿಶ್ಶಬ್ದ ಎನ್ನುತ್ತಾರೆ. ಎರಡನೇ ಸಲ ಉಸಿರೆಳೆದುಕೊಂಡ ಮೇಲೆ ಸುಮ್ಮನಾಗುತ್ತಾರೆ.

ಆದಿಲಕ್ಷ್ಮಿ ಹತ್ತದ ಕಚೇರಿಯ ಮೆಟ್ಟಿಲಿಲ್ಲ. ನೋಡೋಣ ಎಂದವರೇ ಎಲ್ಲರೂ. ಪೈಪಿನ ಬಾಯಿ ಅಲ್ಲೇ ಇತ್ತು, ಬೆಳಗಿನ ಹೊತ್ತು ಇನ್ನೂ ಜೋರಾಗಿ ಸುರಿಯುತ್ತಿತ್ತು. ಏನು ಸುರಿಯುತ್ತಿತ್ತು ಎಂದು ನಾನು ಇಲ್ಲಿ ವರ್ಣಿಸುವುದಿಲ್ಲ. ಅವಳು ದಿನಾ ನೋಡುತ್ತಿದ್ದಳು, ಅಷ್ಟು ಸಾಕು.

ಹೇಗೋ ಮೂಗು ಮುಚ್ಚಿಕೊಂಡು ಬದುಕುತ್ತಿದ್ದಳೋ ಏನೋ. ಅಷ್ಟರಲ್ಲಿ ಮಾಲೂರಿಗೆ ಕೊಟ್ಟಿದ್ದ ಮಗಳು ಗಂಗಾಲಕ್ಷ್ಮಿ ಬಸುರಿಯಾದಳು. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಚೊಚ್ಚಲು. ಚೊಚ್ಚಲ ಹೆರಿಗೆ ತವರಲ್ಲಿ, ಅದರಲ್ಲಿ ಮಾತೇ ಇಲ್ಲ. ಆದಿಲಕ್ಷ್ಮಿ ಒಳಕೋಣೆಗೆ ಸುಣ್ಣ ಹೊಡೆಸಿದಳು, ಹಳೇ ಹತ್ತಿ ಸೀರೆಗಳನ್ನು ಬಿಸಿನೀರಲ್ಲಿ ಕುದಿಸಿ ಒಣಗಿಸಿ ಮಗುವಿಗೆಂದು ಮಡಿಸಿಟ್ಟಳು. ಸೀಮಂತಕ್ಕೆ ದಿನ ಗೊತ್ತುಮಾಡಲು ಮಾಲೂರಿನಿಂದ ಬೀಗಿತ್ತಿ ಬಂದರು. ಕಾರಿನಿಂದ ಇಳಿಯುತ್ತಲೇ ಸೆರಗು ಮೂಗಿಗೆ ಹೋಯಿತು. ಕೊಟ್ಟ ನೀರನ್ನು ಮುಟ್ಟಲಿಲ್ಲ. ಲೋಟವನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿದರು.

“ತಪ್ಪು ತಿಳ್ಕೋಬೇಡಿ ಆದಿಲಕ್ಷ್ಮಮ್ಮ. ಈ ವಾಸನೇಲಿ, ಈ ಸೊಳ್ಳೇಲಿ ಬಾಣಂತಿ ಮಗು ಇರೋಕಾಗುತ್ತಾ? ಆ ಪೈಪು ಮೊದ್ಲು ಹೋಗ್ಲಿ. ಹೋದ ದಿನಾನೇ ಕಳಿಸ್ಕೊಡ್ತೀವಿ.”

ಆದಿಲಕ್ಷ್ಮಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೀಗಿತ್ತಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ, ಏಕೆಂದರೆ ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದಳು. ಲೋಟವನ್ನು ಹಾಗೇ ಸರಿಸುತ್ತಿದ್ದಳು.

ಇದಾದ ಮೇಲೆ ಉಮಾಶಂಕರ್ ಮನೆಗೆ ಬಂದ. ಅವನು ಈಗ ರೇವುಪೇಟೆ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷ. ಬಿಳಿ ಅಂಗಿ, ಹಣೆಗೆ ಕುಂಕುಮ, ಕರ್ಚೀಫಿಗೆ ಸೆಂಟು. ಕರ್ಚೀಫನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಮಾತಾಡಿದ.

“ಅಮ್ಮಾ, ಈ ಶ್ರಾವಣದಲ್ಲಿ ರೇವು ಉತ್ಸವ ಮಾಡ್ತಿದೀವಿ. ಹೊಳೆಗೆ ಬಾಗಿನ, ಸಂಜೆ ಆರತಿ. ದೊಡ್ಡ ದೊಡ್ಡೋರು ಬರ್ತಾರೆ. ಪಾರಂಪರಿಕ ಸ್ಥಳ ಅಂತ ಹೆಸರು ಬಂದ್ರೆ ನಮ್ಮ ಏರಿಯಾನೇ ಬದಲಾಗ್ಹೋಗುತ್ತೆ. ನಿಮ್ಮ ಮನೆಯವ್ರದ್ದು ಒಂದು ಪದ್ಧತಿ ಇತ್ತಂತಲ್ಲ, ನೀರು ನೋಡೋದು ಅಂತ? ಅದನ್ನ ನೀವು ಮಾಡ್ಬೇಕು.”

ನೀರು ನೋಡುವುದು ಆ ಮನೆಯ ಹಕ್ಕು. ವರ್ಷದ ಮೊದಲ ಹೊಳೆ ಬಂದಾಗ ಹರಿಗೋಲಿನವರ ಮನೆಯ ಮುತ್ತೈದೆ ಎಲ್ಲರೆದುರು ಕೊನೆಯ ಮೆಟ್ಟಿಲಿಗೆ ಇಳಿದು ಒಂದು ಬಾಯಿ ನೀರು ತುಂಬಿಕೊಳ್ಳಬೇಕು. ಅವಳು ನುಂಗಿದರೆ ನೀರು ಒಳ್ಳೆಯದು ಎಂದು ಅರ್ಥ. ಎಲ್ಲರೂ ಇಳಿದು ಕುಡಿಯುತ್ತಾರೆ, ಹರಿಗೋಲು ಹೊರಡುತ್ತದೆ. ಅವಳು ಉಗುಳಿದರೆ ಮುಗಿಯಿತು, ನೀರು ತಿಳಿಯಾಗುವವರೆಗೆ ಒಬ್ಬರೂ ಹೊಳೆಗೆ ಕಾಲಿಡುವಂತಿಲ್ಲ. ವ್ಯಾಪಾರಿಗಳು ಮೂಟೆ ಹಿಡಿದುಕೊಂಡು ಎಷ್ಟು ಬೇಡಿಕೊಂಡರೂ ಇಲ್ಲ. ಮೇಲಿನ ಊರಲ್ಲಿ ದನಗಳಿಗೆ ರೋಗ ಬಂದಿದ್ದ ವರ್ಷ ಸುಬ್ಬರಾಯಪ್ಪನ ಮುತ್ತಜ್ಜಿ ಉಗುಳಿದ್ದಳಂತೆ, ಆ ಮಳೆಗಾಲವೆಲ್ಲ ರೇವು ಮುಚ್ಚಿತ್ತಂತೆ. ಆದಿಲಕ್ಷ್ಮಿ ಸೊಸೆಯಾಗಿ ಬಂದಾಗ ಅತ್ತೆ ಇದನ್ನೆಲ್ಲ ಹೇಳಿದ್ದರು. ನೋಡುವ ಕೆಲಸ ಮಾತ್ರ ಅವಳಿಗೆ ಒಂದು ಸಲವೂ ಬಂದಿರಲಿಲ್ಲ.

“ಆ ನೀರನ್ನ ನಾನು ಬಾಯಿಗೆ ಹಾಕ್ಕೋಬೇಕಾ?” ಎಂದು ಕೇಳಿದಳು. ಕೇಳುವಾಗಲೇ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಛೆ ಛೆ, ಎಲ್ಲಾದ್ರೂ ಉಂಟಾ!” ಉಮಾಶಂಕರ್ ನಕ್ಕ. “ಚೊಂಬಲ್ಲಿ ಮೊದಲೇ ಕ್ಯಾನ್ ನೀರು ತುಂಬಿರ್ತೀವಿ. ನೀವು ಕೆಳಗಿಳಿದು ಚೊಂಬನ್ನ ಸುಮ್ನೆ ನೀರಿಗೆ ತಾಗಿಸ್ದಂಗೆ ಮಾಡಿ. ಸೆರಗು ಮರೆ ಮಾಡ್ಕೊಂಡು ಒಂದು ಗುಟುಕು ಕುಡೀರಿ. ಅಷ್ಟೇ. ಫೋಟೋ ತಗೋತಾರೆ.”

“ಆಮೇಲೆ ಜನ ಇಳಿದು ಕುಡಿದ್ರೆ?”

“ಯಾರು ಕುಡೀತಾರಮ್ಮ? ನಮ್ಮ ಬೀದಿಯವ್ರಿಗೆ ಗೊತ್ತಿಲ್ವಾ ಅದೇನು ಅಂತ?”

ಅಷ್ಟು ಸಲೀಸಾಗಿ ಹೇಳಿದ. ಆದಿಲಕ್ಷ್ಮಿಗೆ ಅವನ ಮುಖಕ್ಕೇ ಥೂ ಅನ್ನಬೇಕೆನಿಸಿತು. ಅವನು ಎದ್ದು ನಿಂತು, ಚಪ್ಪಲಿ ಮೆಟ್ಟುತ್ತಾ ಕೊನೆಯ ಮಾತು ಹೇಳಿದ.

“ಉತ್ಸವಕ್ಕೆ ಬರೋರ ಕೈಲೇ ಮಂಜೂರು ಮಾಡಿಸ್ತೀನಿ. ಮಾರನೇ ದಿನಾನೇ ಜೆಸಿಬಿ ತಂದು ಆ ಪೈಪನ್ನ ಕೆರೆ ಕೋಡಿ ಆಚೆಗೆ ತಿರುಗಿಸ್ತೀನಿ. ನಿಮ್ಮ ಮಗಳ ವಿಷಯಾನೂ ಕೇಳ್ಪಟ್ಟೆ. ಯೋಚ್ನೆ ಮಾಡಿ.”

ಪೈಪು ಕೋಡಿಯಾಚೆ ಹೋದರೆ ಅಲ್ಲಿರುವವರ ಪಾಡೇನು ಎಂದು ಅವಳು ಯೋಚಿಸಲಿಲ್ಲ. ನಿಜ ಹೇಳಬೇಕೆಂದರೆ ಯೋಚನೆ ಬಂತು, ತಳ್ಳಿಬಿಟ್ಟಳು. ಒಳಕೋಣೆಯ ಸುಣ್ಣದ ಗೋಡೆ ಕಣ್ಣ ಮುಂದೆ ಇತ್ತು. ಆಗಲಿ ಎಂದು ಹೇಳಿಕಳಿಸಿದಳು.

ಪಕ್ಕದ ಮನೆಯ ಸುಗ್ರಾಗೆ ಈ ಸುದ್ದಿ ಗಂಡ ರಹಮತ್ತುಲ್ಲಾನಿಂದ ತಿಳಿಯಿತು. ರೇವಿಗೆ ಬರುತ್ತಿದ್ದ ಹುಣಸೆಹಣ್ಣೆಲ್ಲ ಇಳಿಯುತ್ತಿದ್ದದ್ದು ಅವರ ಹಿರಿಯರ ಸಗಟು ಮಂಡಿಯಲ್ಲಿ. ಮಂಡಿಯ ಹಳೇ ಕಲ್ಲುಗೋಡೆ ಈಗಲೂ ಅವರ ಹಿತ್ತಲಲ್ಲಿದೆ. ಉತ್ಸವದ ಫ್ಲೆಕ್ಸಿನಲ್ಲಿ ರೇವಿನ ಚರಿತ್ರೆ ಅಂತ ಉದ್ದಕ್ಕೆ ಬರೆಸಿದ್ದರು, ಮಂಡಿಯವರ ಹೆಸರನ್ನು ಮಾತ್ರ ಬಿಟ್ಟಿದ್ದರು. ಸುಗ್ರಾ ಅದರ ಬಗ್ಗೆ ಮಾತೆತ್ತಲಿಲ್ಲ. ಕಾಂಪೌಂಡಿನ ಮೇಲಿಂದ ಬಗ್ಗಿ ಇಷ್ಟು ಕೇಳಿದಳು:

“ಕ್ಯಾ ಆದಿಲಕ್ಷ್ಮಕ್ಕಾ, ನನ್ನ ಮನೆ ಲೋಟದಾಗೆ ಕೂಡ ಚಾ ಕುಡಿಯಲ್ಲ ನೀನು. ಅದನ್ನ ಕುಡೀತೀಯಾ?”

“ಅದಲ್ಲ ಕಣೇ. ಕ್ಯಾನ್ ನೀರು.”

“ಮತ್ತೆ ನೀರು ನೋಡೋದು ಅಂದ್ರೆ ಏನು?”

ಆದಿಲಕ್ಷ್ಮಿ ಕುಕ್ಕರ್ ಕೂಗಿತು ಎಂದು ಹೇಳಿ ಒಳಗೆ ಹೋದಳು. ಕುಕ್ಕರ್ ಕೂಗಿರಲಿಲ್ಲ.

ಉತ್ಸವಕ್ಕೆ ಹೊಳೆ ತುಂಬಬೇಕಲ್ಲ. ಹೊಳೆಯ ನೀರು ಕೆರೆಗೆ ಹೋಗುವ ಮೋರಿಯ ಬಾಯಿಗೆ ಮರಳಿನ ಚೀಲ ಪೇರಿಸಿ ಅಡ್ಡ ಕಟ್ಟಿದರು. ಮಳೆಯ ನೀರು ಒಂದಿಷ್ಟು, ಪೈಪಿನದು ಬೇಕಾದಷ್ಟು ಸೇರಿ ಕೆಳಗಿನ ಮೆಟ್ಟಿಲುಗಳು ಮುಳುಗಿದವು. ಹಸಿರು ಕಪ್ಪು ಕಲೆಸಿದ ಬಣ್ಣ, ಅಂಚಿಗೆಲ್ಲ ಬೂದು ನೊರೆ. ಬ್ಲೀಚಿಂಗ್ ಪೌಡರ್ ಸುರಿದರು, ಪಟಿಕ ಹಾಕಿದರು, ಅದೂ ಸಾಲದು ಅಂತ ಬುಟ್ಟಿಗಟ್ಟಲೆ ಚೆಂಡುಹೂವಿನ ಎಸಳು ಎರಚಿ ಮೇಲೆ ಪನ್ನೀರು ಚಿಮುಕಿಸಿದರು. ಪನ್ನೀರು ಹಾಕಿದ ಮೇಲೆ ವಾಸನೆ ಇನ್ನೂ ಕೆಟ್ಟದಾಯಿತು. ಮೊದಲು ಬರೀ ನಾರುತ್ತಿತ್ತು, ಈಗ ಮದುವೆಮನೆಯಲ್ಲಿ ಯಾರೋ ವಾಂತಿ ಮಾಡಿದಂತೆ ಆಯಿತು.

ಆ ದಿನ ಶಾಮಿಯಾನ, ಮೈಕು, ಗಣ್ಯರಿಗೆ ಸೋಫಾ. ಬೀದಿಯವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು, ಆದರೆ ಗಾಳಿ ಬರುವ ದಿಕ್ಕು ನೋಡಿ ದೂರದಲ್ಲೇ ಕುರ್ಚಿ ಹಿಡಿದಿದ್ದರು. ವೇದಿಕೆಯ ಹಿಂದೆ ಕ್ಯಾನ್ ನೀರಿನ ಸಾಲಿತ್ತು. ಟೀ ಕೂಡ ಅದರಲ್ಲೇ. ಮೆಟ್ಟಿಲ ಮೇಲೆ ಕೂತವರು ಬೇರೆ ಊರಿನವರು. ರೇವಿಗೆ ಗಂಗಮ್ಮ ಮರಳಿ ಬಂದಿದ್ದಾಳೆ, ಅವಳ ತೀರ್ಥ ಸರ್ವರೋಗಕ್ಕೂ ಮದ್ದು ಎಂದು ಸಂಘದವರು ಫೋನಿನಲ್ಲಿ ಹಂಚಿದ್ದ ಮೆಸೇಜು ಹಳ್ಳಿಹಳ್ಳಿಗೂ ಹೋಗಿತ್ತು. ಜನ ಸೇರಲಿ ಎಂದು ಕಳಿಸಿದ್ದು. ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಬಾಟಲು.

ಆದಿಲಕ್ಷ್ಮಿ ರೇಷ್ಮೆ ಸೀರೆಯುಟ್ಟು, ಚೊಂಬು ಹಿಡಿದು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಅವಳ ಸೀರೆಯ ಅಂಚು ಹಿಡಿದು ಎಳೆದಳು.

“ಏಮಮ್ಮಾ, ನೀರು ನೋಡೋದು ನೀವೇನಾ?”

“ಹೂಂ ಅಜ್ಜಿ. ಯಾವೂರು ನಿಮ್ದು?”

“ಗೌನಿಪಲ್ಲಿ. ಮೊದಲ್ನೇ ಬಸ್ಸಿಗೇ ಬಂದೆ. ನಮ್ಮ ಮೊಮ್ಮಗ್ಳು ಬಾಣಂತಿ, ತಾಯೀ. ಹಾಲು ಸಾಲ್ತಿಲ್ಲ, ಕೂಸು ಒಂದೇ ಸಮ ಅಳ್ತದೆ. ಈ ತೀರ್ಥ ಒಂದು ಗುಟುಕು ಕುಡಿಸಿದ್ರೆ ಹಾಲು ಇಳೀತದಂತೆ ಕದಾ?”

ಆದಿಲಕ್ಷ್ಮಿಗೆ ಬೀದಿಯವರು ಯಾರೂ ಕುಡಿಯುವುದಿಲ್ಲ ಎಂದು ಉಮಾಶಂಕರ್ ಹೇಳಿದ್ದು ನೆನಪಾಯಿತು. ಈ ಅಜ್ಜಿ ಬೀದಿಯವಳಲ್ಲ.

“ಕಾಯ್ಸಿ ಕುಡ್ಸಿ ಅಜ್ಜಿ,” ಎಂದಳು. ಅಷ್ಟೇ ಅವಳ ಬಾಯಿಂದ ಬಂದದ್ದು.

“ಅಯ್ಯೋ, ತೀರ್ಥ ಯಾರಾದ್ರೂ ಕಾಯ್ಸ್ತಾರಾ? ನೀವು ಕುಡಿದ್ರೆ ಸಾಕು, ನಾವು ಕಣ್ಮುಚ್ಕೊಂಡು ಕುಡೀತೀವಿ.”

ಮೈಕಿನಲ್ಲಿ ಉಮಾಶಂಕರ್ ಪದ್ಧತಿಯನ್ನು ವಿವರಿಸುತ್ತಿದ್ದ. ಮುತ್ತೈದೆ ನುಂಗಿದರೆ ಗಂಗೆ ಒಪ್ಪಿದಳು ಎಂದರ್ಥ, ಉಗುಳಿದರೆ ರೇವು ಮುಚ್ಚುತ್ತಿದ್ದರು, ನಮ್ಮ ಹಿರಿಯರ ವಿಜ್ಞಾನ ನೋಡಿ ಎಂದು ಕೊಂಡಾಡಿದ. ಹೆಸರು ಕೂಗಿದರು. ಆದಿಲಕ್ಷ್ಮಿ ಇಳಿದಳು. ಪಾದದ ಮೇಲೆ ನೊರೆ ಹತ್ತಿತು, ಬೆರಳ ಸಂದಿಗೆ ಲೋಳೆ ನುಗ್ಗಿತು. ಒಳಕೋಣೆ, ಗಂಗಾಲಕ್ಷ್ಮಿ, ಜೆಸಿಬಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಬಗ್ಗಿ ಚೊಂಬಿನ ತಳ ತಾಗಿಸಿದಳು. ಸೆರಗು ಮರೆ ಮಾಡಿಕೊಂಡು ಕ್ಯಾನ್ ನೀರು ನುಂಗಿದಳು.

ವಾದ್ಯ ಮೊಳಗಿತು. ಸೋಫಾದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಗೋವಿಂದಾ ಎಂದು ಕೂಗುತ್ತಾ ಹೆಂಗಸರು ಮೆಟ್ಟಿಲಿಳಿದು ಬಂದರು. ಬಾಟಲುಗಳು ಗುಳುಗುಳು ಎಂದು ತುಂಬಿಕೊಂಡವು. ಗೌನಿಪಲ್ಲಿ ಅಜ್ಜಿ ಹೂವಿನ ಎಸಳನ್ನು ಪಕ್ಕಕ್ಕೆ ತಳ್ಳಿ ಬಾಟಲು ಮುಳುಗಿಸಿದಳು, ಮುಚ್ಚಳ ತಿರುಗಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ತನಗೆಂದು ಬೊಗಸೆ ತುಂಬಿ ತುಟಿಯ ಹತ್ತಿರ ತಂದಳು.

ಆದಿಲಕ್ಷ್ಮಿ ಆ ಕೈಯನ್ನು ತಟ್ಟಿಬಿಟ್ಟಳು.

ನೀರು ಚೆಲ್ಲಿತು. ಅಜ್ಜಿ ಒಂದು ಕ್ಷಣ ಏನೂ ಅರ್ಥವಾಗದೆ ನೋಡಿದಳು. ಆಮೇಲೆ ಅವಳ ಮುಖ ಗಂಟಾಯಿತು.

“ಯಾಕಮ್ಮಾ? ನೀವು ಕುಡೀಬೋದು, ನಾವು ಮುಟ್ಟಬಾರ್ದಾ? ನಾವು ಯಾವ ಜನ ಅಂತ ಕೇಳಿ ಕೊಡ್ತೀರಾ ತೀರ್ಥಾನ?”

ಸುತ್ತಲಿದ್ದ ಹೆಂಗಸರು ತಿರುಗಿದರು. ಏನು, ಜಾತಿ ಕೇಳಿದಳಾ, ಹೊಳೆಗೂ ಜಾತಿಯಾ ಎಂದು ಗುಜುಗುಜು ಎದ್ದಿತು.

“ಅಲ್ಲ ಅಜ್ಜಿ, ಇದು ಕೊಳಚೆ! ಕಕ್ಕಸಿನ ನೀರು!”

“ನೀವು ಈಗ ಕುಡಿದ್ರಲ್ಲ?”

“ನಾನು ಕುಡಿದಿದ್ದು ಕ್ಯಾನ್ ನೀರು. ಚೊಂಬಲ್ಲಿ ಮೊದಲೇ ತುಂಬಿದ್ರು.”

ಮೈಕಿನಲ್ಲಿ ಉಮಾಶಂಕರ್ ಗಡಿಬಿಡಿಯಿಂದ ಕೂಗಿದ: “ಅಮ್ಮನವರಿಗೆ ಆವೇಶ ಬಂದಿದೆ! ಭಕ್ತರು ಗಾಬರಿಯಾಗ್ಬೇಡಿ. ಜಾಗ ಬಿಡಿ!” ಹೆಂಗಸರು ತಕ್ಷಣ ಕೈ ಮುಗಿದರು. ಯಾರೋ ಅವಳ ಕಾಲಿಗೆ ಅರಿಶಿನ ಎರಚಿದರು. ಅಜ್ಜಿಯ ಸಿಟ್ಟೂ ಇಳಿದುಹೋಗಿ ಅವಳೂ ಕೈ ಮುಗಿದಳು. ಸೊಂಟದಲ್ಲಿ ಬಾಟಲು ಹಾಗೇ ಇತ್ತು. ಆದಿಲಕ್ಷ್ಮಿ ಮೇಲಕ್ಕೆ ನೋಡಿದಳು. ಕುರ್ಚಿಗಳಲ್ಲಿ ತನ್ನ ಬೀದಿಯವರು ಕೂತಿದ್ದರು, ಅದೇನೆಂದು ಚೆನ್ನಾಗಿ ಬಲ್ಲವರು, ಅದನ್ನು ಕಳಿಸಿದವರು. ಒಬ್ಬರೂ ಎದ್ದು ನಿಂತು ಬೇಡ ಅನ್ನಲಿಲ್ಲ. ಸುಬ್ಬರಾಯಪ್ಪ ತಲೆ ತಗ್ಗಿಸಿ ವಾಚು ನೋಡಿಕೊಳ್ಳುತ್ತಿದ್ದ. ಇಷ್ಟು ವರ್ಷ ಲೋಟಕ್ಕೆ, ಕಂಬಿಗೆ, ಉಗುಳಿಗೆ ಹೇಸಿಕೊಂಡದ್ದೆಲ್ಲ ಏನೂ ಅಲ್ಲ ಅನ್ನಿಸಿತು ಅವಳಿಗೆ. ಇಂಥ ಹೇಸಿಗೆಯನ್ನು ಅವಳು ಕಂಡಿರಲೇ ಇಲ್ಲ, ಅದರೊಳಗೆ ತಾನೂ ಇದ್ದಳು.

ಚೊಂಬನ್ನು ಕೈಬಿಟ್ಟಳು. ಅದು ಮೆಟ್ಟಿಲಿಗೆ ಬಡಿದು ಮುಳುಗಿತು. ಸೆರಗನ್ನು ಸೊಂಟಕ್ಕೆ ಕಟ್ಟಿ, ಎಲ್ಲರಿಗೂ ಕಾಣುವಂತೆ ಎರಡೂ ಕೈ ಅದ್ದಿ ಬೊಗಸೆ ತುಂಬಿದಳು. ಮತ್ತೆ ಯೋಚಿಸಿದರೆ ಆಗದು ಎಂದು ಗೊತ್ತಿತ್ತು. ಬಾಯಿಗೆ ಹಾಕಿಕೊಂಡಳು.

ಉಗುರುಬೆಚ್ಚಗಿತ್ತು. ಅದನ್ನು ಅವಳು ಎಣಿಸಿರಲಿಲ್ಲ, ತಣ್ಣಗಿರುತ್ತದೆ ಎಂದುಕೊಂಡಿದ್ದಳು. ನಾಲಗೆಯ ಮೇಲೆ ಸೋಪು, ಬ್ಲೀಚಿಂಗ್, ಪನ್ನೀರು, ಅವೆಲ್ಲದರ ಕೆಳಗೆ ಆ ಇನ್ನೊಂದು ರುಚಿ. ಏನೋ ಮೆತ್ತಗಿನದು ಹಲ್ಲಿಗೆ ತಾಗಿತು. ಕಣ್ಣಲ್ಲಿ ನೀರು ಬಂತು. ಎಲ್ಲರೂ ನೋಡಲಿ ಎಂದು ಒಂದು ಗಳಿಗೆ ತಡೆದು, ಥೂ ಎಂದು ಮೆಟ್ಟಿಲ ಮೇಲೆ ಉಗುಳಿದಳು. ಮತ್ತೆ ಉಗುಳಿದಳು. ಆಮೇಲೆ ಹೊಟ್ಟೆಯಲ್ಲಿದ್ದದ್ದೂ ಬಂತು.

“ಹೊಳೆ ಅಲ್ಲ ಕಣ್ರಮ್ಮ ಇದು,” ಎಂದಳು, ಉಸಿರು ಸಿಕ್ಕಿದ ಮೇಲೆ. “ಮೇಲೆ ಕೂತಿದಾರಲ್ಲ, ಅವ್ರೆಲ್ಲರ ಮನೇದು. ನಮ್ಮ ಮನೇದೂ ಇದೆ.”

ವಾದ್ಯ ನಿಂತಿತ್ತು. ಉಗುಳಿದರೆ ಏನರ್ಥ ಎಂದು ಬೆಳಿಗ್ಗೆಯಿಂದ ಮೈಕಿನಲ್ಲಿ ಹೇಳಿದವನು ಉಮಾಶಂಕರನೇ. ಈಗ ಅವನೇ ಮೈಕು ಆರಿಸಿದ. ಹೆಂಗಸರು ಒಬ್ಬೊಬ್ಬರಾಗಿ ಬಾಟಲು ಬಗ್ಗಿಸಿದರು. ಗೌನಿಪಲ್ಲಿ ಅಜ್ಜಿ ಸೊಂಟದಿಂದ ಬಾಟಲು ತೆಗೆದು ಮೂಗಿನ ಹತ್ತಿರ ಹಿಡಿದಳು, ಆಮೇಲೆ ಅದನ್ನು ಮುಚ್ಚಳ ಸಮೇತ ನೀರಿಗೆ ಎಸೆದಳು. ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತಿ ಬಸ್ಸಿನ ಕಡೆ ಹೋದಳು.

ಆದಿಲಕ್ಷ್ಮಿ ಹಿತ್ತಲ ಬಾಗಿಲಿನಿಂದ ಮನೆಗೆ ಬಂದಳು. ಸುಗ್ರಾ ಕಾಂಪೌಂಡಿನ ಆಚೆಯಿಂದ ಉಪ್ಪುನೀರಿನ ತಂಬಿಗೆ ಚಾಚಿದಳು. ಅದು ಸುಗ್ರಾಳ ಮನೆಯ ತಂಬಿಗೆ ಎಂದು ಆದಿಲಕ್ಷ್ಮಿ ನೋಡಲಿಲ್ಲ. ಮುಕ್ಕಳಿಸಿದಳು, ಮುಕ್ಕಳಿಸುತ್ತಲೇ ಇದ್ದಳು.

ಬೀದಿಯಲ್ಲಿ ಯಾರೂ ಅವಳನ್ನು ಹೊಗಳಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ, ಊರ ಮುಂದೆ ಹೇಳಬೇಕಿತ್ತಾ ಎಂದರು. ಬೀದಿಯ ಮಾನ ಕಳೆದಳು ಎಂದರು. ನಿಮ್ಮ ಪೈಪು ನೀವೇ ನೋಡಿಕೊಳ್ಳಿ ಎಂದು ಉಮಾಶಂಕರ್ ಹೇಳಿಕಳಿಸಿದ. ಜೆಸಿಬಿ ಬರಲಿಲ್ಲ. ಮರಳಿನ ಚೀಲಗಳನ್ನು ಮಾತ್ರ ಯಾರೋ ಕಿತ್ತು ತೆಗೆದರು, ಹಿಂದಿನಂತೆ ಎಲ್ಲ ಕೆರೆಯ ಕಡೆ ಹರಿದುಹೋಯಿತು. ಅವಳು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡ ವಿಡಿಯೋ ಅದಕ್ಕಿಂತ ಬೇಗ ಹರಿಯಿತು. ಮಾಲೂರಿಗೂ ಮುಟ್ಟಿತು. ಗಂಗಾಲಕ್ಷ್ಮಿ ತವರಿಗೆ ಬರಲಿಲ್ಲ. ಅಲ್ಲೇ ಹೆತ್ತಳು, ಹೆಣ್ಣುಮಗು.

ಆದಿಲಕ್ಷ್ಮಿ ಕುದಿಸಿ ಮಡಿಸಿಟ್ಟಿದ್ದ ಹತ್ತಿ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಮಾಲೂರಿಗೆ ಹೋದಳು. ಬಾಗಿಲಲ್ಲೇ ಬೀಗಿತ್ತಿ ಸೋಪು ಕೊಟ್ಟರು. ಕೈ ತೊಳೆದಳು. ಇನ್ನೊಂದು ಸಲ ತೊಳೀರಿ ಎಂದರು, ತೊಳೆದಳು. ತಾನು ಊರಿಗೆಲ್ಲ ಹೇಳುತ್ತಿದ್ದ ಮಾತನ್ನೇ ಈಗ ಕೇಳಿಸಿಕೊಳ್ಳುತ್ತಿದ್ದಳು. ಚೀಲವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಇಡಿಸಿದರು. ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸುವಾಗ ಬೀಗಿತ್ತಿ ದನಿ ತಗ್ಗಿಸಿ, ಮರ್ಯಾದೆಯಿಂದಲೇ ಹೇಳಿದರು:

“ಏನೂ ಅನ್ಕೋಬೇಡಿ. ಮುತ್ತು ಮಾತ್ರ ಕೊಡ್ಬೇಡಿ. ಮಗು ಹಸೀದು.”

ಆದಿಲಕ್ಷ್ಮಿ ತಲೆಯಾಡಿಸಿದಳು. ಬೀಗಿತ್ತಿ ಕಾಫಿ ತರಲು ಅಡುಗೆಮನೆಗೆ ಹೋದರು. ಗಂಗಾಲಕ್ಷ್ಮಿ ಮಂಚದ ಮೇಲಿಂದ ಅತ್ತ ಒಮ್ಮೆ ನೋಡಿ, ಮೆಲ್ಲಗೆ ಬಗ್ಗಿ ಮಗುವನ್ನು ತಾಯಿಯ ಮುಖದ ಹತ್ತಿರಕ್ಕೆ ಎತ್ತಿ ಹಿಡಿದಳು.

“ಅತ್ತೆ ಒಳಗಿದಾರೆ. ಬೇಗ ಒಂದು ಕೊಡಮ್ಮ. ನಾನು ವಿಡಿಯೋ ಪೂರ್ತಿ ನೋಡ್ದೆ. ಕೊಡು.”

ಹಾಲಿನ ವಾಸನೆಯ ಆ ಸಣ್ಣ ಕೆನ್ನೆ ತುಟಿಗೆ ತಾಗುವಷ್ಟು ಹತ್ತಿರ ಇತ್ತು. ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ಇನ್ನೂ ಕೇಳುತ್ತಿತ್ತು, ಬೇಕಾದಷ್ಟು ಹೊತ್ತಿತ್ತು. ಆದಿಲಕ್ಷ್ಮಿ ತುಟಿ ಬಿಗಿಮಾಡಿಕೊಂಡು ಮುಖ ತಿರುಗಿಸಿದಳು.

“ಬೇಡ ಕಣೇ,” ಎಂದಳು. “ನನ್ನ ಬಾಯಿಂದ್ಲೇ ಅದಿನ್ನೂ ಹೋಗಿಲ್ಲ.”